ಕೊಳವೆ ದೀಪದ ಬೆಳಕನ್ನು ತಗ್ಗಿಸುವ ಕ್ರಮ
(ಗೃಹವಿಜ್ಞಾನದ ಒಂದು ಪಾಠ)

ಮನೆಯಲ್ಲಿ ಎಲ್ಲ ವೇಳೆಯಲ್ಲಿಯೂ ಒಂದೇ ಪ್ರಮಾಣದ ಬೆಳಕು ಬೇಕಾಗುವುದಿಲ್ಲ. ಮಗಳು ಪಾಠ ಓದುವಾಗಲೂ ತಾಯಿ ಸೂಜಿಗೆ ನೂಲು ಪೋಣಿಸುವಾಗಲೂ ಬೆಳಕು ತುಂಬಿರಬೇಕು. ರೋಗಿಯ ಮಗ್ಗುಲಲ್ಲಿ ರಾತ್ರಿ ಎಚ್ಚರವಿರುವವರಿಗಾದರೋ ಔಷಧದ ಸೀಸೆಯ ಮೇಲಿನ ಅಕ್ಷರ ಕಾಣುವಷ್ಟು ಬೆಳಕು ಸಾಕು. ಅದಕ್ಕಿಂತ ಹೆಚ್ಚಾದರೆ ರೋಗಿಯ ನಿದ್ದೆಗೆ ಭಂಗ. ನಮ್ಮ ಹಿರಿಯರ ಕಾಲದ ಕಂದೀಲಿನಲ್ಲಿ ಈ ಅನುಕೂಲವು ಸಹಜವಾಗಿಯೇ ಇದ್ದಿತು. ಪಕ್ಕದ ಸಣ್ಣ ಚಕ್ರವನ್ನು ತಿರುಗಿಸಿ ಬತ್ತಿಯನ್ನು ಏರಿಸಬಹುದಾಗಿತ್ತು, ಇಳಿಸಬಹುದಾಗಿತ್ತು. ವಿದ್ಯುದ್ದೀಪವು ಬಂದಾಗ ಹೊಗೆಯೂ ಮಸಿಯೂ ಮನೆಯನ್ನು ಬಿಟ್ಟು ಹೋದುವು. ಅವುಗಳ ಸಂಗಡ ಬತ್ತಿಯ ಚಕ್ರವೂ ಹೋಯಿತು. ದೀಪವು ಪೂರ್ತಿ ಉರಿಯಬೇಕು, ಇಲ್ಲವೆ ಪೂರ್ತಿ ಆರಬೇಕು ಎಂಬಂತಾಯಿತು. ‘ಡಿಮ್ಮರು’ ಎಂಬ ಸ್ವಿಚ್ಚು ಆ ಚಕ್ರವನ್ನು ಗೋಡೆಯ ಮೇಲೆ ಮರಳಿ ತಂದುಕೊಟ್ಟಿತು.

ಆದರೆ ಇದರಲ್ಲಿ ಒಂದು ತೊಡಕುಂಟು. ಮನೆಗಳಲ್ಲಿ ಕಾಣುವ ಡಿಮ್ಮರು ಮೊದಲು ನಿರ್ಮಿತವಾದುದು ತಂತುದೀಪಕ್ಕೋಸ್ಕರ, ಅಂದರೆ ಹಳೆಯ ಗಾಜಿನ ಬುಡ್ಡಿಯ ಬಲ್ಬಿಗೋಸ್ಕರ. ಅದನ್ನೇ ಟ್ಯೂಬ್‌ಲೈಟಿಗೆ, ಎಂದರೆ ಪ್ರತಿದೀಪ್ತಿಯ ಕೊಳವೆ ದೀಪಕ್ಕೆ ಜೋಡಿಸಿದರೆ ದೀಪವು ಮಿಣುಕುವುದು, ಗುಂಯ್‌ಗುಡುವುದು, ಸ್ವಲ್ಪ ತಗ್ಗಿಸಿದೊಡನೆ ಫಕ್ಕನೆ ಆರಿಹೋಗುವುದು, ಕೆಲವು ತಿಂಗಳೊಳಗೆ ಕೊಳವೆಯ ಎರಡು ತುದಿಗಳೂ ಕಪ್ಪಾಗುವುವು. ಆಗ ದೀಪ ಮಾರಿದವನು ಡಿಮ್ಮರನ್ನು ದೂರುವನು, ಡಿಮ್ಮರು ಮಾರಿದವನು ದೀಪವನ್ನು ದೂರುವನು, ಮನೆಯವರು ಎರಡು ಸಾರಿ ಹಣ ತೆರುವರು. ವಾಸ್ತವವಾಗಿ ಎರಡು ಪದಾರ್ಥಗಳಲ್ಲಿಯೂ ದೋಷವಿಲ್ಲ; ದೋಷವು ಅವುಗಳ ಜೋಡಣೆಯಲ್ಲಿದೆ.

ಶಾಲೆಯನ್ನು ಬಿಟ್ಟು ಈಗ ಸ್ವಂತ ಸಂಸಾರವನ್ನು ನಡೆಸುತ್ತಿರುವ ಸಹೋದರಿಯರಿಗೂ, ಮಕ್ಕಳ ತಾಯ್ತಂದೆಗಳಿಗೂ ಈ ಪಾಠವನ್ನು ಬರೆದಿದೆ. ಇದನ್ನೋದಿ ಯಾರೂ ತಂತಿಗಳನ್ನು ತಾವೇ ಬಿಚ್ಚಬೇಕೆಂಬುದು ಉದ್ದೇಶವಲ್ಲ. ವಿದ್ಯುತ್ತಿನ ಕೆಲಸಗಾರನು ಮನೆಗೆ ಬಂದಾಗ ಅವನಿಗೆ ಸರಿಯಾದ ಪ್ರಶ್ನೆ ಕೇಳುವ ಸಾಮರ್ಥ್ಯವೂ, ಅವನ ಉತ್ತರವು ಸರಿಯೋ ತಪ್ಪೋ ಎಂದು ತೂಗುವ ಸಾಮರ್ಥ್ಯವೂ ಗೃಹಿಣಿಗೆ ಇರಬೇಕೆಂಬುದೇ ಉದ್ದೇಶ.

೧. ತಂತುದೀಪವೂ ಡಿಮ್ಮರೂ

ತಂತುದೀಪದ ರಚನೆ ಬಹು ಸರಳವಾದದ್ದು. ಗಾಜಿನ ಬುಡ್ಡಿಯೊಳಗೆ ಟಂಗ್‌ಸ್ಟನ್ ಲೋಹದ ಕೂದಲಿಗಿಂತ ಸಣ್ಣದಾದ ತಂತಿಯ ಸುರುಳಿಯಿದೆ. ಪ್ರವಾಹವು ಹರಿದಾಗ ಅದು ಸುಮಾರು ೨೫೦೦ ಡಿಗ್ರಿ ಸೆಂಟಿಗ್ರೇಡಿನ ವರೆಗೆ ಕಾದು ಬೆಳಗುತ್ತದೆ. ಕಡಿಮೆ ಪ್ರವಾಹ ಕೊಟ್ಟರೆ ಕಡಿಮೆ ಕಾಯುವುದು. ಕಡಿಮೆ ಕಾದರೆ ಕಡಿಮೆ ಬೆಳಗುವುದು. ಇಂಥ ದೀಪವನ್ನು ತಗ್ಗಿಸಲು ಪ್ರವಾಹವನ್ನು ಕುಗ್ಗಿಸಿದರೆ ತೀರಿತು.

ಪೂರ್ವದಲ್ಲಿ ನಾಟಕಶಾಲೆಗಳಲ್ಲಿ ಪ್ರವಾಹದ ದಾರಿಯಲ್ಲಿ ಉದ್ದನೆಯ ತಂತಿಯ ಸುರುಳಿಯನ್ನಿಟ್ಟು ಈ ಕೆಲಸವನ್ನು ಸಾಧಿಸುತ್ತಿದ್ದರು. ನಮ್ಮ ಮನೆಗಳಲ್ಲಿ ಹಿಂದೆ ಗೋಡೆಯ ಮೇಲಿದ್ದ ಪಂಖದ ರೆಗ್ಯುಲೇಟರಿನ ದೊಡ್ಡ ಪೆಟ್ಟಿಗೆಯೂ ಅದೇ ಜಾತಿಯದು. ಅದನ್ನು ಮುಟ್ಟಿ ನೋಡಿದವರಿಗೆ ಅದರ ಬಿಸಿ ನೆನಪಿರಬಹುದು. ಪಂಖಕ್ಕೆ ಹೋಗದ ವಿದ್ಯುತ್ತೆಲ್ಲ ಅಲ್ಲಿ ಶಾಖವಾಗಿ ವ್ಯರ್ಥವಾಗುತ್ತಿತ್ತು.

೧೯೫೭ರಲ್ಲಿ ಅಮೇರಿಕದ ಜನರಲ್ ಇಲೆಕ್ಟ್ರಿಕ್ ಕಂಪೆನಿಯವರು ಥೈರಿಸ್ಟರ್ ಎಂಬ ಅರೆವಾಹಕದ ಸ್ವಿಚ್ಚನ್ನು ಹೊರತಂದರು. ೧೯೫೯ರಲ್ಲಿ ನ್ಯೂಯಾರ್ಕಿನ ಜೋಯೆಲ್ ಸ್ಪೈರಾ ಎಂಬವರು ಅರೆವಾಹಕಗಳ ಸಹಾಯದಿಂದ, ಗೋಡೆಯ ಸ್ವಿಚ್ಚಿನ ಪೆಟ್ಟಿಗೆಯಲ್ಲಿಯೇ ಅಡಗುವಷ್ಟು ಸಣ್ಣದಾದ ಡಿಮ್ಮರನ್ನು ರೂಪಿಸಿ, ೧೯೬೧ರಲ್ಲಿ ಅದರ ತಯಾರಿಕೆಗಾಗಿ ಲ್ಯೂಟ್ರಾನ್ ಕಂಪೆನಿಯನ್ನು ಸ್ಥಾಪಿಸಿದರು. ಇಂದು ಮನೆಗಳಲ್ಲಿ ಕಾಣುವ ಸಾಮಾನ್ಯ ಡಿಮ್ಮರುಗಳು ಅದೇ ತತ್ತ್ವದವು.

ಆ ತತ್ತ್ವವು ಯಾವುದೆಂದರೆ: ನಮ್ಮ ಮನೆಗೆ ಬರುವ ವಿದ್ಯುತ್ತು ೨೩೦ ವೋಲ್ಟಿನದು, ಅದು ಸೆಕೆಂಡಿಗೆ ೫೦ ಸಾರಿ ಹೋಗಿ ಬರುವ ಅಲೆಯಂತಿರುವುದು. ಹೋಗುವುದೊಂದು, ಬರುವುದೊಂದು ಎಂದು ಎಣಿಸಿದರೆ ಸೆಕೆಂಡಿಗೆ ೧೦೦ ಅರ್ಧ ಅಲೆಗಳಾಗುವುವು. ಡಿಮ್ಮರಿನೊಳಗಿರುವ ಟ್ರಯಾಕ್ ಎಂಬ ಪುಟ್ಟ ದ್ವಾರಪಾಲಕನು ಪ್ರತಿಯೊಂದು ಅರ್ಧ ಅಲೆಯ ಮೊದಲಿನ ಭಾಗವನ್ನು ತಡೆದು, ಕೊನೆಯ ಭಾಗವನ್ನು ಮಾತ್ರ ಒಳಗೆ ಬಿಡುತ್ತಾನೆ. ಇದು ನಲ್ಲಿಯನ್ನು ಅರ್ಧ ತಿರುಗಿಸಿದಂತಲ್ಲ. ಸೆಕೆಂಡಿಗೆ ನೂರು ಸಾರಿ ನಲ್ಲಿಯನ್ನು ಪೂರ್ತಿ ಮುಚ್ಚಿ ಪೂರ್ತಿ ತೆರೆದಂತೆ. ತಂತುದೀಪದ ತಂತಿಯು ಇಷ್ಟು ಅಲ್ಪ ಕಾಲದಲ್ಲಿ ಆರುವುದಿಲ್ಲವಾದ್ದರಿಂದ ನಮ್ಮ ಕಣ್ಣಿಗೆ ಬೆಳಕು ಒಂದೇ ಸಮನಾಗಿ ತಗ್ಗಿದಂತೆ ತೋರುವುದು.

ಈ ದ್ವಾರಪಾಲಕನಿಗೆ ಒಂದು ನಿಯಮವುಂಟು. ತನ್ನ ಮೂಲಕ ಒಂದು ಕನಿಷ್ಠ ಪ್ರವಾಹವು ಹರಿಯುತ್ತಿದ್ದರೆ ಮಾತ್ರ ಅವನು ಬಾಗಿಲನ್ನು ತೆರೆದಿಡುವನು. ಅದಕ್ಕಿಂತ ಕಡಿಮೆಯಾದರೆ ಮುಚ್ಚಿಬಿಡುವನು. ಆದಕಾರಣ ಹಳೆಯ ಮಾದರಿಯ ಅನೇಕ ಡಿಮ್ಮರುಗಳ ಮೇಲೆ, ಕನಿಷ್ಠ ಪಕ್ಷ ೪೦ ವಾಟಿನ ದೀಪವನ್ನಾದರೂ ಜೋಡಿಸಬೇಕೆಂದು ಬರೆದಿರುತ್ತದೆ. ಈ ಮಾತನ್ನು ನೆನಪಿನಲ್ಲಿಡಿರಿ; ಮುಂದೆ ಉಪಯೋಗಕ್ಕೆ ಬರುವುದು.

೨. ಕೊಳವೆ ದೀಪದ ಒಳಗೆ ಏನು ನಡೆಯುತ್ತದೆ

೧೯೩೮ರಲ್ಲಿ ಅಮೇರಿಕದಲ್ಲಿ ಮಾರಾಟಕ್ಕೆ ಬಂದ ಪ್ರತಿದೀಪ್ತಿಯ ಕೊಳವೆ ದೀಪವು ಬೇರೆಯೇ ಜಾತಿಯದು. ಇದರಲ್ಲಿ ಕಾದು ಬೆಳಗುವ ತಂತಿಯಿಲ್ಲ. ಕೊಳವೆಯೊಳಗಿನ ಗಾಳಿಯನ್ನು ತೆಗೆದು ಸ್ವಲ್ಪ ಆರ್ಗಾನಿನಂಥ ಜಡ ಅನಿಲವನ್ನೂ ಕೆಲವೇ ಮಿಲಿಗ್ರಾಮು ಪಾದರಸವನ್ನೂ ಇಟ್ಟಿರುತ್ತಾರೆ. ಎರಡು ತುದಿಗಳಲ್ಲಿಯೂ ಒಂದೊಂದು ಸಣ್ಣ ಸುರುಳಿಯಿದೆ. ಈ ಸುರುಳಿಗಳಿಗೆ ಬೇರಿಯಂ ಮುಂತಾದ ಧಾತುಗಳ ಆಕ್ಸೈಡನ್ನು ಬಳಿದಿರುವುದುಂಟು. ಸುರುಳಿಯು ಕಾದಾಗ ಆ ಲೇಪದಿಂದ ಎಲೆಕ್ಟ್ರಾನುಗಳೆಂಬ ಅತಿ ಸೂಕ್ಷ್ಮ ಕಣಗಳು ಹೊರಟು, ಕೊಳವೆಯುದ್ದಕ್ಕೂ ಓಡಿ, ಪಾದರಸದ ಆವಿಯ ಪರಮಾಣುಗಳನ್ನು ತಾಡಿಸುತ್ತವೆ. ತಾಡಿತವಾದ ಪಾದರಸವು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೊರಸೂಸುವುದು. ಕೊಳವೆಯ ಒಳಮೈಗೆ ಬಳಿದ ಬಿಳಿಯ ಪುಡಿಯು ಆ ಕಿರಣವನ್ನು ನುಂಗಿ, ಕಣ್ಣಿಗೆ ಕಾಣುವ ಬೆಳಕಾಗಿ ಮಾರ್ಪಡಿಸುವುದು.

ಇನ್ನೊಂದು ವಿಶೇಷವಿದೆ. ತಂತಿಯಲ್ಲಿ ಪ್ರವಾಹ ಹೆಚ್ಚಿದರೆ ತಡೆಯೂ ಹೆಚ್ಚುತ್ತದೆ. ಅನಿಲದಲ್ಲಿ ಪ್ರವಾಹ ಹೆಚ್ಚಿದಷ್ಟೂ ತಡೆಯು ಕಡಿಮೆಯಾಗುವುದು. ಕಡಿವಾಣವಿಲ್ಲದಿದ್ದರೆ ಪ್ರವಾಹವು ಹುಚ್ಚುಕುದುರೆಯಂತೆ ಏರಿ ಕೊಳವೆಯನ್ನೇ ಹಾಳುಮಾಡುವುದು. ಆದುದರಿಂದಲೇ ಪ್ರತಿಯೊಂದು ಕೊಳವೆ ದೀಪಕ್ಕೂ ‘ಬಲ್ಲಾಸ್ಟು’ ಎಂಬ ಕಡಿವಾಣವಿರಬೇಕು. ನಮ್ಮಲ್ಲಿ ಅದನ್ನು ‘ಚೋಕು’ ಎನ್ನುವುದು ರೂಢಿ. ನಾಲ್ಕು ಅಡಿಯ ೩೬ ವಾಟಿನ ಕೊಳವೆಯು ಉರಿಯುವಾಗ ಅದರ ತುದಿಯಿಂದ ತುದಿಗೆ ಸುಮಾರು ೧೦೦ ವೋಲ್ಟು ಮಾತ್ರ ಸಾಕಾಗುವುದು. ಉಳಿದ ಭಾರವನ್ನು ಚೋಕು ಹೊರುವುದು. ಸ್ಟಾರ್ಟರೆಂಬ ಪುಟ್ಟ ಡಬ್ಬಿಯಾದರೋ ಮೊದಲು ಸುರುಳಿಗಳನ್ನು ಕಾಯಿಸಿ, ಬಳಿಕ ಸಂಪರ್ಕವನ್ನು ಕಡಿದು, ದೀಪವು ಹತ್ತಿಕೊಳ್ಳುವುದಕ್ಕೆ ಬೇಕಾದ ಹೆಚ್ಚಿನ ಒತ್ತಡವನ್ನು ಚೋಕಿನಿಂದ ಹೊರಡಿಸುವುದು. ದೀಪವು ಹತ್ತಿದ ಮೇಲೆ ಸ್ಟಾರ್ಟರಿಗೆ ಕೆಲಸವಿಲ್ಲ.

೩. ಸಾಮಾನ್ಯ ಡಿಮ್ಮರಿಗೂ ಕೊಳವೆ ದೀಪಕ್ಕೂ ಏಕೆ ಹೊಂದುವುದಿಲ್ಲ

ಮೇಲಿನ ಎರಡು ಭಾಗಗಳನ್ನು ಒಟ್ಟಿಗೆ ನೋಡಿದರೆ ಉತ್ತರವು ತಾನಾಗಿ ಹೊಳೆಯುವುದು. ಕಾರಣಗಳು ಮುಖ್ಯವಾಗಿ ಮೂರು.

ಮೊದಲನೆಯದು: ಚೋಕಿನ ಕೊಳವೆ ದೀಪದಲ್ಲಿ ಅನಿಲದ ಉರಿಯು ಪ್ರತಿಯೊಂದು ಅರ್ಧ ಅಲೆಯ ಕೊನೆಯಲ್ಲಿ ಆರಿ, ಮುಂದಿನದರಲ್ಲಿ ಮತ್ತೆ ಹತ್ತುವುದು. ಡಿಮ್ಮರು ಅಲೆಯ ಮೊದಲಿನ ಭಾಗವನ್ನು ತಡೆದಾಗ ಕತ್ತಲಿನ ಅವಧಿಯು ಉದ್ದವಾಗುವುದು. ಅಷ್ಟರಲ್ಲಿ ಅನಿಲವು ತನ್ನ ವಾಹಕ ಗುಣವನ್ನು ಕಳೆದುಕೊಂಡಿರುತ್ತದೆ. ಮತ್ತೆ ಹತ್ತಿಸಲು ಹೆಚ್ಚಿನ ಒತ್ತಡ ಬೇಕು, ಸಿಕ್ಕುವುದು ಕಡಿಮೆ. ದೀಪವು ಒಂದು ಮಿತಿಗೆ ಬಂದೊಡನೆ ಆರಿಹೋಗುವುದು ಇದರಿಂದಲೇ. ಆಗ ಸ್ಟಾರ್ಟರು ಮತ್ತೆ ಮತ್ತೆ ಹತ್ತಿಸಲು ಯತ್ನಿಸುವುದರಿಂದ ಮಿಣುಕಾಟವು ಮೊದಲಾಗುವುದು.

ಎರಡನೆಯದು: ಪ್ರವಾಹವನ್ನು ಕುಗ್ಗಿಸಿದರೆ ತುದಿಯ ಸುರುಳಿಗಳು ತಣ್ಣಗಾಗುತ್ತವೆ. ತಣ್ಣಗಾದ ಸುರುಳಿಯಿಂದ ಎಲೆಕ್ಟ್ರಾನುಗಳು ಸುಲಭವಾಗಿ ಹೊರಡುವುದಿಲ್ಲ. ಬಲಾತ್ಕಾರದಿಂದ ಕಿತ್ತುಕೊಂಡಂತೆ ಹೊರಡುವಾಗ ಲೇಪವೂ ಸಿಡಿದು ಗಾಜಿಗೆ ಅಂಟಿಕೊಳ್ಳುವುದು. ಕೊಳವೆಯ ತುದಿಗಳು ಕಪ್ಪಾಗುವುದು ಈ ಲೇಪದ ನಷ್ಟದ ಗುರುತು. ಲೇಪವು ತೀರಿದ ದಿನ ದೀಪದ ಆಯುಸ್ಸೂ ತೀರಿತು.

ಮೂರನೆಯದು ಎಲ್ಲಕ್ಕಿಂತ ಅಪಾಯಕರವಾದದ್ದು. ಕಬ್ಬಿಣದ ಮೇಲೆ ತಂತಿ ಸುತ್ತಿದ ಚೋಕಿನಲ್ಲಿ ಪ್ರವಾಹವು ಒತ್ತಡಕ್ಕಿಂತ ಹಿಂದೆ ಬೀಳುವುದು. ಇದರಿಂದ ಡಿಮ್ಮರಿನ ಟ್ರಯಾಕಿಗೆ ಕಾಲದ ಲೆಕ್ಕ ತಪ್ಪಿ, ಹೋಗುವ ಅಲೆಯನ್ನು ಬಿಟ್ಟು ಬರುವ ಅಲೆಯನ್ನು ತಡೆಯುವ ಸಂಭವವುಂಟು. ಹಾಗಾದಲ್ಲಿ ಪ್ರವಾಹವು ಒಂದೇ ದಿಕ್ಕಿಗೆ ವಾಲಿ, ಚೋಕು ವಿಪರೀತ ಕಾಯುವುದು. ಹೀಗೆ ಕಾದ ಚೋಕಿನಿಂದ ಬೆಂಕಿಯ ಭಯವಿದೆ. ಆದುದರಿಂದ ಚೋಕು ಮತ್ತು ಸ್ಟಾರ್ಟರುಗಳುಳ್ಳ ಸಾಧಾರಣ ಟ್ಯೂಬ್‌ಲೈಟನ್ನು ಗೋಡೆಯ ಡಿಮ್ಮರಿಗಾಗಲಿ, ಪಂಖದ ರೆಗ್ಯುಲೇಟರಿಗಾಗಲಿ ಎಂದಿಗೂ ಜೋಡಿಸಕೂಡದು. ಪಂಖದ ರೆಗ್ಯುಲೇಟರೊಂದು ಮನೆಯಲ್ಲಿ ಸುಮ್ಮನೆ ಬಿದ್ದಿದೆಯಲ್ಲ, ಅದನ್ನು ದೀಪಕ್ಕೆ ಹಾಕೋಣವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿರಿ.

೪. ಸರಿಯಾದ ಉಪಾಯ

ಹಾಗಾದರೆ ಕೊಳವೆ ದೀಪವನ್ನು ತಗ್ಗಿಸುವುದೇ ಅಸಾಧ್ಯವೋ? ಅಸಾಧ್ಯವಲ್ಲ. ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ಮಾಡಬೇಕು: ಅನಿಲದಲ್ಲಿ ಹರಿಯುವ ಪ್ರವಾಹವನ್ನು ಕುಗ್ಗಿಸಬೇಕು, ತುದಿಯ ಸುರುಳಿಗಳ ಬಿಸಿಯನ್ನು ಕುಗ್ಗದಂತೆ ಕಾಪಾಡಬೇಕು. ಬತ್ತಿಯನ್ನು ಇಳಿಸಿದರೂ ಬುಡದಲ್ಲಿ ಎಣ್ಣೆ ತಪ್ಪಬಾರದೆಂಬಂತೆ ಇದು. ಕೊಳವೆ ದೀಪವನ್ನು ತಗ್ಗಿಸುವ ವಿದ್ಯೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಈ ಎರಡು ಕೆಲಸಗಳನ್ನೂ ಮಾಡತಕ್ಕದ್ದು ‘ಡಿಮ್ಮಿಂಗ್ ಬಲ್ಲಾಸ್ಟು’ ಎಂಬ ವಿಶೇಷ ಸಾಧನ. ಇದು ಇಲೆಕ್ಟ್ರಾನಿಕ್ ಜಾತಿಯದು. ಸೆಕೆಂಡಿಗೆ ೫೦ ಸಾರಿ ಬರುವ ಅಲೆಯನ್ನು ಇದು ೨೦,೦೦೦ಕ್ಕೂ ಮಿಕ್ಕಿದ ಸಾರಿ ಬರುವ ಅಲೆಯನ್ನಾಗಿ ಮಾರ್ಪಡಿಸುವುದು. ಇಷ್ಟು ವೇಗದಲ್ಲಿ ಅನಿಲಕ್ಕೆ ಆರುವ ಅವಕಾಶವೇ ಇರುವುದಿಲ್ಲ. ಮಿಣುಕೂ ಗುಂಯ್‌ಗಾರವೂ ತಪ್ಪುವುವು. ಅಷ್ಟೇ ವಿದ್ಯುತ್ತಿಗೆ ಶೇಕಡಾ ೧೦ರಷ್ಟು ಹೆಚ್ಚು ಬೆಳಕೂ ದೊರೆಯುವುದು. ಬೆಳಕನ್ನು ತಗ್ಗಿಸಬೇಕಾದಾಗ ಇದು ಅಲೆಯ ವೇಗವನ್ನು ಇನ್ನೂ ಹೆಚ್ಚಿಸುವುದು. ವೇಗ ಹೆಚ್ಚಿದಷ್ಟೂ ಒಳಗಿನ ಚಿಕ್ಕ ಚೋಕಿನ ತಡೆಯು ಹೆಚ್ಚಿ, ಕೊಳವೆಯ ಪ್ರವಾಹವು ಕುಗ್ಗುವುದು. ಅದೇ ಕಾಲದಲ್ಲಿ ಸುರುಳಿಗಳಿಗೆ ಪ್ರತ್ಯೇಕವಾಗಿ ಬಿಸಿಯನ್ನು ಒದಗಿಸುತ್ತಿರುವುದು.

ಈ ಬಲ್ಲಾಸ್ಟಿಗೆ ನಮ್ಮ ಇಚ್ಛೆಯನ್ನು ತಿಳಿಸುವ ಮಾರ್ಗಗಳು ಎರಡು ಬಗೆ. ಒಂದನೆಯದು, ಗೋಡೆಯ ಡಿಮ್ಮರು ಅಲೆಯನ್ನು ಕತ್ತರಿಸಿ ಕಳುಹಿಸುವುದು. ಬಲ್ಲಾಸ್ಟು ಅದನ್ನು ಒಂದು ಸಂಕೇತವಾಗಿ ಓದಿಕೊಂಡು ಬೆಳಕನ್ನು ಹೊಂದಿಸುವುದು. ಹೊಸ ತಂತಿ ಎಳೆಯುವ ಅವಶ್ಯವಿಲ್ಲದ್ದರಿಂದ ಕಟ್ಟಿ ಮುಗಿದ ಮನೆಗಳಿಗೆ ಇದು ಅನುಕೂಲ. ಎರಡನೆಯದು, ಬಲ್ಲಾಸ್ಟಿಗೆ ಯಾವಾಗಲೂ ಪೂರ್ಣ ವಿದ್ಯುತ್ತನ್ನು ಕೊಟ್ಟು, ಬೇರೆ ಎರಡು ತೆಳುವಾದ ತಂತಿಗಳ ಮೂಲಕ ೧ರಿಂದ ೧೦ ವೋಲ್ಟಿನ ವರೆಗಿನ ಅಪ್ಪಣೆಯನ್ನು ಕಳುಹಿಸುವುದು. ೧೦ ಎಂದರೆ ಪೂರ್ಣ ಬೆಳಕು, ೧ ಎಂದರೆ ಕನಿಷ್ಠ. ಇದು ಹೆಚ್ಚು ನಂಬಿಕೆಯ ಮಾರ್ಗ. ಆದರೆ ತಂತಿಗಳನ್ನು ಮೊದಲೇ ಎಳೆದಿರಬೇಕು. ಒಂದು ಬಗೆಯ ಬಲ್ಲಾಸ್ಟಿಗೆ ಇನ್ನೊಂದು ಬಗೆಯ ಡಿಮ್ಮರು ಹೊಂದುವುದಿಲ್ಲ. ಬಲ್ಲಾಸ್ಟಿನ ತಯಾರಕರು ಇಂತಿಂಥ ಡಿಮ್ಮರುಗಳು ತಮಗೆ ಒಪ್ಪಿಗೆಯೆಂದು ಪಟ್ಟಿ ಕೊಟ್ಟಿರುವರು. ಆ ಪಟ್ಟಿಯನ್ನು ನೋಡಿಯೇ ಕೊಳ್ಳತಕ್ಕದ್ದು.

೫. ಸಣ್ಣ ಸುರುಳಿ ದೀಪಗಳು

ಸಿ.ಎಫ್.ಎಲ್. ಎಂದು ಕರೆಯಲ್ಪಡುವ ಸುರುಳಿಯ ದೀಪವೂ ಕೊಳವೆ ದೀಪವೇ. ಕೊಳವೆಯನ್ನು ಮಡಿಸಿ, ಬಲ್ಲಾಸ್ಟನ್ನು ಬುಡದಲ್ಲಿಯೇ ಅಡಗಿಸಿ, ಹಳೆಯ ಬಲ್ಬಿನ ಹೋಲ್ಡರಿಗೆ ಹಾಕುವಂತೆ ಮಾಡಿದ್ದಾರೆ. ಮೋಸಹೋಗುವುದು ಇಲ್ಲಿಯೇ ಹೆಚ್ಚು. ಹೋಲ್ಡರಿಗೆ ಹೊಂದಿತೆಂದ ಮೇಲೆ ಡಿಮ್ಮರಿಗೂ ಹೊಂದೀತೆಂದು ತಿಳಿಯುವುದು ಸಹಜ. ಆದರೆ ಸಾಧಾರಣ ಸಿ.ಎಫ್.ಎಲ್.ನ ಬುಡದಲ್ಲಿ ಕೆಪ್ಯಾಸಿಟರೆಂಬ ಒಂದು ವಿದ್ಯುತ್ತಿನ ಕಣಜವಿದೆ. ಅದು ಅಲೆಯ ಶಿಖರದಲ್ಲಿ ಮಾತ್ರ ಗುಟುಕು ಗುಟುಕಾಗಿ ಪ್ರವಾಹವನ್ನು ಎಳೆದುಕೊಳ್ಳುತ್ತದೆ. ಡಿಮ್ಮರನ್ನು ಅರ್ಧ ದೂರ ಇಳಿಸುವ ತನಕ ಶಿಖರವು ಉಳಿದಿರುವುದರಿಂದ ಕಣಜವು ತುಂಬುತ್ತಲೇ ಇರುವುದು. ಬೆಳಕು ಹೆಚ್ಚಾಗಿ ತಗ್ಗುವುದಿಲ್ಲ. ಅದರಾಚೆ ಹೋದರೆ ಒಮ್ಮೆಗೆ ಮಿಣುಕಿ ಆರುವುದು. ಅಲ್ಲದೆ ಪ್ರತಿ ಸಾರಿಯೂ ಡಿಮ್ಮರು ತಟ್ಟನೆ ತೆರೆಯುವುದರಿಂದ ಕಣಜಕ್ಕೆ ಪ್ರವಾಹವು ರಭಸದಿಂದ ನುಗ್ಗಿ, ಭಾಗಗಳು ಕಾದು ಬೇಗನೆ ಕೆಡುವುವು.

ಆದುದರಿಂದ ಡಿಮ್ಮರಿನ ಮೇಲೆ ಹಾಕತಕ್ಕ ಸಿ.ಎಫ್.ಎಲ್. ‘ಡಿಮ್ಮಬಲ್’ ಎಂದು ಸ್ಪಷ್ಟವಾಗಿ ಬರೆದಿರುವಂಥದ್ದಾಗಿರಬೇಕು. ಬರೆದಿಲ್ಲವಾದರೆ ಇಲ್ಲವೆಂದೇ ತಿಳಿಯತಕ್ಕದ್ದು. ಬಲ್ಲಾಸ್ಟು ಹೊರಗಿದ್ದು, ದೀಪವನ್ನು ಮಾತ್ರ ಚುಚ್ಚಿ ಹಾಕುವ ಮಾದರಿಗಳಲ್ಲಿ ಇನ್ನೊಂದು ಗುರುತುಂಟು: ಎರಡು ಕಡ್ಡಿಗಳುಳ್ಳ ದೀಪದೊಳಗೆ ಸ್ಟಾರ್ಟರು ಅಡಗಿರುವುದರಿಂದ ಅದನ್ನು ತಗ್ಗಿಸಲಾಗದು; ನಾಲ್ಕು ಕಡ್ಡಿಗಳುಳ್ಳದ್ದನ್ನು ಸರಿಯಾದ ಬಲ್ಲಾಸ್ಟಿನಿಂದ ತಗ್ಗಿಸಬಹುದು.

ಡಿಮ್ಮಬಲ್ ದೀಪವನ್ನು ಹಾಕಿಯೂ ಮಿಣುಕು ತಪ್ಪದಿದ್ದರೆ, ಮೊದಲು ಹೇಳಿದ ದ್ವಾರಪಾಲಕನ ನಿಯಮವನ್ನು ಸ್ಮರಿಸಿರಿ. ೧೧ ವಾಟಿನ ಒಂದೇ ಒಂದು ದೀಪವು ೪೦ ವಾಟನ್ನು ಬಯಸುವ ಡಿಮ್ಮರಿಗೆ ಸಾಲದು. ಆ ಡಿಮ್ಮರಿನ ಮೇಲೆ ಹಲವು ದೀಪಗಳಿರುವಲ್ಲಿ ಒಂದನ್ನು ತೆಗೆದು ಹಳೆಯ ತಂತುದೀಪವನ್ನು ಹಾಕಿದರೆ, ಅದು ಸಾಕಷ್ಟು ಪ್ರವಾಹವನ್ನು ಎಳೆದು ಟ್ರಯಾಕಿನ ಬಾಗಿಲನ್ನು ತೆರೆದಿಡುವುದು; ಉಳಿದ ದೀಪಗಳ ಮಿಣುಕು ಬಹುಮಟ್ಟಿಗೆ ನಿಲ್ಲುವುದು. ಇದು ಡಿಮ್ಮಬಲ್ ದೀಪಗಳಿಗೆ ಮಾತ್ರ ಸಲ್ಲುವ ಉಪಾಯ. ಸಾಧಾರಣ ದೀಪವನ್ನು ಡಿಮ್ಮಬಲ್ ಮಾಡುವ ಮಂತ್ರವಲ್ಲ. ಕಡಿಮೆ ವಾಟಿನ ದೀಪಗಳಿಗಾಗಿಯೇ ಮಾಡಿದ ಡಿಮ್ಮರನ್ನು ಹಾಕಿಸುವುದು ಇದಕ್ಕಿಂತ ಉತ್ತಮ.

೬. ಅನುಸರಿಸತಕ್ಕ ನಿಯಮಗಳು

ಸರಿಯಾದ ಸಾಧನಗಳನ್ನು ಹಾಕಿಸಿದ ಮೇಲೆಯೂ ಕೆಲವು ನಿಯಮಗಳನ್ನು ಪಾಲಿಸಿದರೆ ದೀಪವು ಬಹುಕಾಲ ಬಾಳುವುದು.

(ಅ) ಹೊಸ ಕೊಳವೆಯನ್ನು ಹಾಕಿದೊಡನೆ ತಗ್ಗಿಸಬಾರದು. ಮೊದಲಿನ ೧೦೦ ಗಂಟೆಗಳ ಕಾಲ ಪೂರ್ಣ ಬೆಳಕಿನಲ್ಲಿ ಉರಿಸಬೇಕೆಂದು ಅನೇಕ ತಯಾರಕರು ವಿಧಿಸಿರುವರು. ದಿನಕ್ಕೆ ೫ ಗಂಟೆಯಂತೆ ೨೦ ಸಂಜೆಗಳು. ಅಷ್ಟರಲ್ಲಿ ಒಳಗಿನ ಅಶುದ್ಧ ಅನಿಲಗಳು ನಿವಾರಣೆಯಾಗಿ ದೀಪವು ಸ್ಥಿರವಾಗುವುದು.

(ಆ) ಹಚ್ಚುವಾಗ ಡಿಮ್ಮರನ್ನು ಮೇಲಕ್ಕೆ ತಿರುಗಿಸಿ ಹಚ್ಚಬೇಕು; ದೀಪವು ನೆಲೆಗೊಂಡ ಮೇಲೆ ಇಳಿಸಬೇಕು. ಆರಿರುವ ದೀಪವನ್ನು ಹತ್ತಿಸಲು ಬೇಕಾದ ಒತ್ತಡವು, ಹತ್ತಿದ ದೀಪವನ್ನು ನಿಲ್ಲಿಸಲು ಬೇಕಾದ ಒತ್ತಡಕ್ಕಿಂತ ಬಹಳ ಹೆಚ್ಚು.

(ಇ) ಕೆಲವು ಡಿಮ್ಮರುಗಳಲ್ಲಿ ಕನಿಷ್ಠ ಮಿತಿಯನ್ನು ಗೊತ್ತುಮಾಡುವ ಸಣ್ಣ ತಿರುಪು ಇರುತ್ತದೆ. ದೀಪವು ಮಿಣುಕದೆ ನಿಲ್ಲುವ ಅತಿ ತಗ್ಗಿನ ಸ್ಥಾನಕ್ಕೆ ಅದನ್ನು ಕೆಲಸಗಾರನಿಂದ ಹೊಂದಿಸಿಕೊಳ್ಳಬೇಕು.

(ಈ) ಒಂದು ಡಿಮ್ಮರಿನ ಮೇಲಿರುವ ಕೊಳವೆಗಳೆಲ್ಲ ಒಂದೇ ತಯಾರಕರವು, ಒಂದೇ ವಾಟಿನವು, ಸಾಧ್ಯವಾದಷ್ಟು ಒಂದೇ ವಯಸ್ಸಿನವು ಆಗಿರಬೇಕು. ಇಲ್ಲವಾದರೆ ಒಂದು ಬೆಳಗುತ್ತಿರುವಾಗ ಇನ್ನೊಂದು ಆರುವುದು. ಮಿತವ್ಯಯಕ್ಕಾಗಿ ಕ್ರಿಪ್ಟಾನ್ ಅನಿಲ ತುಂಬಿದ ಕೊಳವೆಗಳು ತಗ್ಗಿಸುವುದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ.

(ಉ) ದೀಪದ ಲೋಹದ ಚೌಕಟ್ಟಿಗೆ ಭೂಸಂಪರ್ಕವಿರಬೇಕು. ಇದು ಜೀವರಕ್ಷಣೆಗೂ ಬೇಕು. ಕೊಳವೆಯು ತಗ್ಗಿನಲ್ಲಿ ಸ್ಥಿರವಾಗಿ ಹತ್ತುವುದಕ್ಕೂ ಸಹಾಯಕ.

(ಊ) ಅತಿ ತಂಪಾದ ಗಾಳಿ ಬೀಸುವ ಸ್ಥಳದಲ್ಲಿ ಪಾದರಸದ ಆವಿಯು ಕಡಿಮೆಯಾಗಿ ತಗ್ಗಿಸಿದ ದೀಪವು ಸುಳಿಸುಳಿಯಾಗಿ ನಡುಗುವುದು. ಇಂಥ ಸ್ಥಳದಲ್ಲಿ ಹೆಚ್ಚು ತಗ್ಗಿಸಬಾರದು.

(ಋ) ಡಿಮ್ಮರನ್ನು ಪೂರ್ತಿ ಇಳಿಸಿದ ಮಾತ್ರಕ್ಕೆ ವಿದ್ಯುತ್ತು ನಿಂತಿತೆಂದು ತಿಳಿಯಬಾರದು. ಕೊಳವೆ ಬದಲಾಯಿಸುವ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸತಕ್ಕದ್ದು. ತಂತಿಯ ಕೆಲಸವನ್ನು ಪರವಾನಗಿ ಪಡೆದ ಕೆಲಸಗಾರನಿಂದಲೇ ಮಾಡಿಸತಕ್ಕದ್ದು.

೭. ಎಷ್ಟು ತಗ್ಗಿಸಿದರೆ ಎಷ್ಟು ತಗ್ಗಿದಂತೆ

ಕೊಳ್ಳುವಾಗ ಬಲ್ಲಾಸ್ಟಿನ ಮೇಲೆ ‘ಶೇಕಡಾ ೧೦ರ ವರೆಗೆ’ ಎಂದೋ ‘ಶೇಕಡಾ ೧ರ ವರೆಗೆ’ ಎಂದೋ ಬರೆದಿರುವುದನ್ನು ಕಾಣುವಿರಿ. ಈ ಅಂಕೆಗಳು ಯಂತ್ರದಿಂದ ಅಳೆದ ಬೆಳಕಿಗೆ ಸಂಬಂಧಿಸಿದವು. ನಮ್ಮ ಕಣ್ಣಾದರೋ ಬೇರೆ ಲೆಕ್ಕವನ್ನು ಹಿಡಿಯುತ್ತದೆ. ಬೆಳಕು ತಗ್ಗಿದಂತೆ ಕಣ್ಣಿನ ಪಾಪೆ ಅಗಲವಾಗುವುದರಿಂದ, ಅಳತೆಯ ಶೇಕಡಾ ೨೫ ಬೆಳಕು ಕಣ್ಣಿಗೆ ಅರ್ಧದಂತೆ ತೋರುವುದು. ಶೇಕಡಾ ೧೦ ಸುಮಾರು ಮೂರರಲ್ಲೊಂದು ಪಾಲಿನಂತೆ. ಶೇಕಡಾ ೧ ಹತ್ತರಲ್ಲೊಂದು ಪಾಲಿನಂತೆ. ವರ್ಗಮೂಲದ ಲೆಕ್ಕವನ್ನು ಕಲಿತ ವಿದ್ಯಾರ್ಥಿನಿಯರು ಇದನ್ನು ತಾವೇ ಗುಣಿಸಿ ನೋಡಬಹುದು. ಶೇಕಡಾ ೧೦ರ ಬಲ್ಲಾಸ್ಟು ಊಟದ ಕೋಣೆಗೆ ಸಾಕು. ರೋಗಿಯ ಕೋಣೆಗೆ ಸಾಲದು.

ಖರ್ಚಿನ ವಿಷಯದಲ್ಲಿ ಕೊಳವೆ ದೀಪಕ್ಕೆ ಹೆಚ್ಚಿನ ಗುಣವುಂಟು. ತಂತುದೀಪವನ್ನು ಅರ್ಧ ಬೆಳಕಿಗೆ ಇಳಿಸಿದರೂ ಅದು ಪೂರ್ಣ ಖರ್ಚಿನ ಮುಕ್ಕಾಲು ಪಾಲಿನ ಸಮೀಪಕ್ಕೆ ವಿದ್ಯುತ್ತನ್ನು ತಿನ್ನುವುದು. ಕೊಳವೆ ದೀಪವು ಅರ್ಧ ಬೆಳಕಿಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ತಿನ್ನುವುದು. ಆ ಹೆಚ್ಚಳವು ಸುರುಳಿಗಳನ್ನು ಬಿಸಿಯಾಗಿಡುವುದಕ್ಕೆ. ಬಣ್ಣದ ವಿಷಯದಲ್ಲಿ ಮಾತ್ರ ತಂತುದೀಪವು ಮೇಲು. ಅದು ತಗ್ಗಿದಂತೆ ಕೆಂಪೇರಿ, ಸಂಜೆಯ ಬಿಸಿಲಿನಂತೆ ಹಿತವಾಗುವುದು. ಕೊಳವೆ ದೀಪವು ತಗ್ಗಿದರೂ ಬಣ್ಣ ಬದಲಾಗದೆ ಬೂದಿಯಂತೆ ಕಾಣುವುದು. ತಗ್ಗಿಸುವ ಉದ್ದೇಶವಿದ್ದರೆ ಹಳದಿ ಛಾಯೆಯ ಕೊಳವೆಯನ್ನು ಆರಿಸುವುದು ಲೇಸು.

ಇಷ್ಟನ್ನೂ ತಿಳಿದ ಮೇಲೆ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ನ್ಯಾಯ: ನಮಗೆ ಬೇಕಾದದ್ದು ಡಿಮ್ಮರೋ, ಅಥವಾ ಕಡಿಮೆ ಬೆಳಕೋ? ಕೋಣೆಯಲ್ಲಿ ಎರಡು ಕೊಳವೆಗಳಿದ್ದರೆ ಪ್ರತಿಯೊಂದಕ್ಕೂ ಬೇರೆ ಸ್ವಿಚ್ಚು ಹಾಕಿಸಿದರೆ ಅರ್ಧ ಬೆಳಕು ನಿರಾಯಾಸವಾಗಿ ದೊರೆಯುವುದು. ಯಾವ ದೀಪಕ್ಕೂ ಪೆಟ್ಟಿಲ್ಲ. ರೋಗಿಯ ಮಗ್ಗುಲಿಗಾದರೋ ಮರೆಯುಳ್ಳ ಒಂದು ಪುಟ್ಟ ದೀಪವು ಯಾವ ಡಿಮ್ಮರಿಗಿಂತಲೂ ಮೇಲು. ದುಬಾರಿಯಾದ ಸಾಧನವನ್ನು ಕೊಳ್ಳುವ ಮೊದಲು ಈ ಸುಲಭ ಮಾರ್ಗಗಳನ್ನು ಪರೀಕ್ಷಿಸಿ ನೋಡುವುದು ಜಾಣತನ.

೮. ಈ ದೀಪಗಳ ಮುಂದಿನ ಕಾಲ

ಕೊಳವೆ ದೀಪದಲ್ಲಿ ಪಾದರಸವಿರುವುದೇ ಅದರ ಶಕ್ತಿ, ಅದೇ ಅದರ ದೋಷ. ಪಾದರಸದ ವಿಷದಿಂದ ಜಪಾನಿನ ಮಿನಮಾತಾ ಊರಿನ ಜನರು ಪಟ್ಟ ಸಂಕಟದ ನೆನಪಿಗಾಗಿ ಆ ಊರಿನ ಹೆಸರನ್ನೇ ಇಟ್ಟು, ೨೦೧೩ರಲ್ಲಿ ರಾಷ್ಟ್ರಗಳು ಒಂದು ಒಡಂಬಡಿಕೆ ಮಾಡಿಕೊಂಡವು. ಭಾರತವು ೨೦೧೮ರಲ್ಲಿ ಅದನ್ನು ಅಂಗೀಕರಿಸಿತು. ೨೦೨೩ರ ಸಭೆಯಲ್ಲಿ, ಸಾಮಾನ್ಯ ಬೆಳಕಿಗಾಗಿ ಬಳಸುವ ಕೊಳವೆ ದೀಪಗಳ ತಯಾರಿಕೆಯೂ ಆಮದು ರಫ್ತುಗಳೂ ೨೦೨೭ರ ವೇಳೆಗೆ ನಿಲ್ಲಬೇಕೆಂದು ನಿರ್ಣಯವಾಯಿತು. ಆದಕಾರಣ ಮನೆಯಲ್ಲಿ ಕೊಳವೆ ದೀಪಗಳು ಚೆನ್ನಾಗಿ ಉರಿಯುತ್ತಿದ್ದರೆ ಅವು ತೀರುವ ತನಕ ಬಳಸಬಹುದು. ಹೊಸದಾಗಿ ಡಿಮ್ಮಿಂಗ್ ಬಲ್ಲಾಸ್ಟಿಗೆ ಹಣ ಸುರಿಯುವುದು ಮಾತ್ರ ವಿವೇಕವಲ್ಲ. ಹೊಸ ದೀಪ ಬೇಕಾದವರು ಎಲ್.ಇ.ಡಿ. ದೀಪವನ್ನು ಕೊಳ್ಳುವುದು ಒಳ್ಳೆಯದು. ಆದರೆ ಈ ಪಾಠವು ಅಲ್ಲಿಯೂ ವ್ಯರ್ಥವಾಗುವುದಿಲ್ಲ. ಎಲ್.ಇ.ಡಿ. ದೀಪದ ಬುಡದಲ್ಲಿಯೂ ಇಲೆಕ್ಟ್ರಾನಿಕ್ ಸಾಧನವಿದೆ; ಅದಕ್ಕೂ ‘ಡಿಮ್ಮಬಲ್’ ಎಂಬ ಗುರುತು ಬೇಕು; ಅದರ ವಾಟು ಇನ್ನೂ ಕಡಿಮೆಯಾದ್ದರಿಂದ ಡಿಮ್ಮರಿನ ಕನಿಷ್ಠ ಮಿತಿಯ ನಿಯಮವು ಇನ್ನೂ ಹೆಚ್ಚಾಗಿ ಅನ್ವಯಿಸುವುದು.

ಕೊಳವೆಯು ಕೈತಪ್ಪಿ ಒಡೆದರೆ ಮಕ್ಕಳನ್ನು ಕೂಡಲೆ ಹೊರಗೆ ಕಳುಹಿಸಿ, ಕಿಟಕಿಗಳನ್ನು ತೆರೆದು, ಹತ್ತು ನಿಮಿಷ ಕೋಣೆಯನ್ನು ಖಾಲಿ ಬಿಡಬೇಕು. ಬಳಿಕ ಪೊರಕೆಯಿಂದ ಗುಡಿಸದೆ, ಗಟ್ಟಿ ಕಾಗದದಿಂದ ಚೂರುಗಳನ್ನು ಎತ್ತಿ, ಪುಡಿಯನ್ನು ಅಂಟುಪಟ್ಟಿಯಿಂದ ತೆಗೆದು, ಮುಚ್ಚಳವುಳ್ಳ ಡಬ್ಬಿಯಲ್ಲಿ ಹಾಕಿಡಬೇಕು. ಪೊರಕೆಯು ಪಾದರಸವನ್ನು ಮನೆಯೆಲ್ಲ ಹರಡುವುದು.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ನಿಮ್ಮ ಮನೆಯ ಯಾವ ದೀಪದ ಮೇಲೆ ‘ಡಿಮ್ಮಬಲ್’ ಎಂದು ಬರೆದಿದೆ? ಬರೆಯದ ದೀಪವು ಡಿಮ್ಮರಿನ ಮೇಲೆ ಇದೆಯೇ?

೨. ಟ್ಯೂಬ್‌ಲೈಟಿನ ತುದಿಗಳು ಕಪ್ಪಾಗಿವೆಯೇ? ಕಪ್ಪಾಗಿದ್ದರೆ ಅದರ ಕಾರಣವನ್ನು ತಂಗಿಗೋ ತಮ್ಮನಿಗೋ ವಿವರಿಸಿರಿ.

೩. ನಿಮ್ಮ ಡಿಮ್ಮರಿಗೆ ಕನಿಷ್ಠ ಎಷ್ಟು ವಾಟು ಬೇಕು? ಅದರ ಮೇಲಿರುವ ದೀಪಗಳ ಒಟ್ಟು ವಾಟು ಎಷ್ಟು?

೪. ಅಳತೆಯ ಬೆಳಕು ಶೇಕಡಾ ೪ಕ್ಕೆ ಇಳಿದರೆ ಕಣ್ಣಿಗೆ ಎಷ್ಟರ ಪಾಲಿನಂತೆ ತೋರೀತು?

೫. ಮುಖ್ಯ ಸ್ವಿಚ್ಚು ಎಲ್ಲಿದೆಯೆಂಬುದು ಮನೆಯಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತಿದೆಯೇ?

ಕೊನೆಯ ಪ್ರಶ್ನೆಗೆ ಇಲ್ಲವೆಂದು ಉತ್ತರ ಬರುವ ಮನೆಯಲ್ಲಿ, ಡಿಮ್ಮರಿನ ಯೋಚನೆಗೆ ಮೊದಲು ಆ ಸ್ವಿಚ್ಚನ್ನು ಮಕ್ಕಳಿಗೆ ಈ ದಿನವೇ ತೋರಿಸಿಕೊಡಿರಿ.